ಅಲೆಗೆ ಕಾಯುವ ಕಡಲ ಹೂ

ಬೆರಳಿಟ್ಟೆ, ಹೂ ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ಹೋದರೆ ಇನ್ನಷ್ಟು ಅಂಟಿಕೊಂಡಿತು. ದೂರದ ಬಡಗಣ ಕಡಲಿನ ಶೆಟ್‌ಲ್ಯಾಂಡ್ ದ್ವೀಪದಲ್ಲಿ ನನ್ನ ಕೈ ಹಿಡಿದ ಮೊದಲ ಜೀವ ಅದು. ಕಡಲ ಹೂ, ಅಂದರೆ ಸೀ ಅನೆಮನಿ, ನೋಡಲು ಕೆಂಪು ದಾಸವಾಳ. ನಿಜದಲ್ಲಿ ಬಾಯಿರುವ ಪ್ರಾಣಿ. ಸಂಶೋಧನಾ ಕೊಠಡಿಯಲ್ಲಿ ಅವಕ್ಕೆ ಮೇವು ಹಾಕುವುದೇ ನನ್ನ ಕೆಲಸ.

ನಮ್ಮ ಸೂಳೆಕೆರೆಯ ಮೀನು ಯಾವ ದಂಡೆಯಲ್ಲಿ ಮಂಡಕ್ಕಿ ಎಸೆದರೂ ಬಾಯಿ ತೆರೆದು ಬರುತ್ತದೆ. ಇಲ್ಲಿ ಹಾಗಲ್ಲ. ಕಡಲು ನೆಲದೊಳಗೆ ಚಾಚಿಕೊಂಡು ಕೆರೆಯಂತೆ ತಣ್ಣಗೆ ನಿಂತ ಜಾಗಕ್ಕೆ ಇಲ್ಲಿನವರು 'ವೋ' ಎನ್ನುತ್ತಾರೆ. ಅಲ್ಲಿಂದ ತಂದ ಹೂಗಳು ಸಿಗಡಿ ಸೋಕಿದೊಡನೆ ನುಂಗುತ್ತಿದ್ದವು. ಅಲೆ ಬಡಿಯುವ ಪಡುವಣ ಬಂಡೆಯಿಂದ ತಂದವು, ಅದೇ ಜಾತಿಯವೇ, ಸಿಗಡಿಯನ್ನು ಎಸಳಿನಂಥ ತೋಳುಗಳ ಮೇಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದವು. ನುಂಗುತ್ತಲೂ ಇರಲಿಲ್ಲ, ಬಿಡುತ್ತಲೂ ಇರಲಿಲ್ಲ. ದಿನೇ ದಿನೇ ಕುಗ್ಗುತ್ತಿದ್ದವು. ಅವು ಸತ್ತರೆ ಕೆಲಸ ನಿಲ್ಲುತ್ತದೆ, ನೀನೂ ಊರಿಗೆ ಹೊರಡಬೇಕಾಗುತ್ತದೆ ಎಂದು ಮೇಲಿನವರು ಮೊದಲೇ ಹೇಳಿದ್ದರು. ನನಗೆ ಹೆದರಿಕೆಯಾಗಿತ್ತು.

ನನ್ನ ಊಟವೂ ನೆಟ್ಟಗಿರಲಿಲ್ಲ. ಕೆರೆಬಿಳಚಿಯ ನಮ್ಮ ಮನೆಯಲ್ಲಿ ಬಡಿಸಿದ ಮೇಲೆ ಅವ್ವ 'ಉಣ್ರಿ' ಎನ್ನುವ ತನಕ ಯಾರೂ ತಟ್ಟೆಗೆ ಕೈ ಹಾಕುವುದಿಲ್ಲ. ಇಲ್ಲಿ ಆ ಮಾತು ಹೇಳುವವರಿಲ್ಲ. ಅನ್ನ ಆರುವವರೆಗೂ ನೋಡುತ್ತಾ ಕೂತಿರುತ್ತಿದ್ದೆ. ನೀನು ಪೀರಿ ಆಗುತ್ತಿದ್ದೀಯ ಎಂದಳು ಮನೆಯೊಡತಿ ಮೋರಾ. ಪೀರಿ ಎಂದರೆ ಪುಟ್ಟದು. ಒಂದು ದಿನ ವಿಡಿಯೋ ಕಾಲ್‌ನಲ್ಲಿ ಅವ್ವ ನನ್ನನ್ನು ನೋಡಿದಳು.

"ಕೈಯಾಗೆ ತುತ್ತು ಹಿಡ್ಕಂಡು ಯಾರಿಗೆ ಕಾಯ್ತೀಯವ್ವ? ಉಣ್ಣು."

ಉಂಡೆ. ಹಾಗಾದರೆ ಆ ಹೂ ಯಾರಿಗೆ ಕಾಯುತ್ತಿದೆ ಎನಿಸಿತು. ಮರುದಿನ ತೊಟ್ಟಿಗೆ ಕೈಯಿಳಿಸಿ, ಪಡುವಣ ಬಂಡೆಗೆ ಅಲೆ ಬಂದು ಹೋಗುವ ಹಾಗೆ ನೀರನ್ನು ತೂಗಿದೆ. ತೋಳುಗಳೆಲ್ಲ ಒಟ್ಟಿಗೆ ಒಳಕ್ಕೆ ಮಡಚಿಕೊಂಡವು. ಸಿಗಡಿ ಕಾಣೆಯಾಯಿತು. ನಾನು ಅತ್ತುಬಿಟ್ಟೆ.

ರಜೆಗೆ ಊರಿಗೆ ಹೋದೆ. ಊಟಕ್ಕೆ ಕೂತಾಗ ಅವ್ವ ಇನ್ನೂ ಸಾರು ಬಡಿಸುತ್ತಿದ್ದಳು. ನನ್ನ ರೊಟ್ಟಿ ಅರ್ಧ ಮುಗಿದಿತ್ತು. ಅವಳ ಸೌಟು ನಿಂತಿತು. ಯಾರದೋ ಮಗಳನ್ನು ನೋಡುವಂತೆ ನೋಡಿದಳು.

"ಯಾರೂ ಹೇಳದೇನೇ ಉಣ್ಣಾಕೆ ಕಲಿತ್ಯೇನವ್ವ?"

ಈಗ ಇಲ್ಲಿಗೆ ಮರಳಿದ್ದೇನೆ. ಬಂಡೆಯ ಹೂ ಇಂದಿಗೂ ನಿಂತ ನೀರಿನಲ್ಲಿ ಸಿಗಡಿಯನ್ನು ಬಾಯಿಗೆ ಮುಟ್ಟಿಸುವುದಿಲ್ಲ. ನೀರು ತೂಗುತ್ತಾ ನಾನೇ ಮೆಲ್ಲಗೆ 'ಉಣ್ಣವ್ವ' ಎನ್ನುತ್ತೇನೆ. ಅದು ಉಣ್ಣುತ್ತದೆ.