ವಾಲ್ವಿನ ನೀಲಿ

ಕನ್ನಡಕದಂಗಡಿಯವನನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ‘ಒಂದಾ-ಎರಡಾ’ ಎಂದು. ಹುಟ್ಟಿದಾಗ ಅಳುವ ಬದಲು ಅವನು ಅದನ್ನೇ ಕೇಳಿದ್ದನಂತೆ. ಅದು ಸುಳ್ಳಿರಬಹುದು. ಆದರೆ ಅಂಗಡಿಯ ಕತ್ತಲೆ ಕೋಣೆಯಲ್ಲಿ ಗಿರಾಕಿಯನ್ನು ಎತ್ತರದ ಕುರ್ಚಿಗೆ ಏರಿಸಿ, ಕಣ್ಣಿನ ಮುಂದೆ ಒಂದು ಗಾಜು ಇಟ್ಟು, ಅದನ್ನು ತೆಗೆದು ಇನ್ನೊಂದು ಇಟ್ಟು, “ಒಂದನೇದು ಚೆನ್ನಾಗಿದೆಯಾ, ಎರಡನೇದಾ?” ಎಂದು ಅವನು ಕೇಳದ ಕಣ್ಣು ಆ ಊರಿನಲ್ಲಿ ಇರಲಿಲ್ಲ. ಗಿರಾಕಿ ತಡವರಿಸಿದರೆ ಅವನಿಗೆ ಎಲ್ಲಿಲ್ಲದ ಕೋಪ. “ನಿಮ್ಮ ಕಣ್ಣು ತಾನೇ? ನಿಮಗೇ ಗೊತ್ತಾಗದಿದ್ರೆ ಎದುರುಮನೆಯವರನ್ನ ಕೇಳ್ಲಾ?” ಎನ್ನುತ್ತಿದ್ದ.

ಅಂಥವನು ಈವತ್ತು ಅಂಗಡಿಗೆ ಬೀಗ ಹಾಕಿ, ತನ್ನ ಮನೆಯ ಹಜಾರದಲ್ಲಿ ಎರಡು ಆಂಪ್ಲಿಫೈಯರುಗಳ ನಡುವೆ ಕೂತು ಬೆಳಗಿನಿಂದ ತಡವರಿಸುತ್ತಿದ್ದ.

ಒಂದು ಹಳೆಯದು, ವಾಲ್ವಿನದು. ಮದುವೆಯಾದ ವರ್ಷ ಮನೆಗೆ ಬಂದದ್ದು. ಅದನ್ನು ಮೇಜಿನ ಮೇಲಿಟ್ಟ ದಿನ ಮನೆಯೇ ಒಂದು ಗೇಣು ಆ ಕಡೆಗೆ ವಾಲಿತೆಂದೂ, ಚಳಿಗಾಲದಲ್ಲಿ ಅದರ ಕಾವಿಗೆ ಬೀದಿಯ ಬೆಕ್ಕುಗಳೆಲ್ಲ ಕಿಟಕಿಯಾಚೆ ಸಾಲು ನಿಲ್ಲುತ್ತಿದ್ದವೆಂದೂ ಅವನೇ ಹೇಳಿಕೊಂಡು ತಿರುಗುತ್ತಿದ್ದ. ಮುಂದುಗಡೆ ವಾಲ್ವುಗಳೆಂಬ ಗಾಜಿನ ನಾಲ್ಕು ಬುರುಡೆಗಳು. ಸ್ವಿಚ್ಚು ಒತ್ತಿದರೆ ಅವು ಮೆಲ್ಲಗೆ ಕೆಂಪಾಗಿ, ಬಿಸಿಯೇರಿ, ದೊಡ್ಡಮನುಷ್ಯರು ಗಂಟಲು ಸರಿಮಾಡಿಕೊಂಡ ಹಾಗೆ ಗೊರ್ ಎಂದು, ಆಮೇಲಷ್ಟೇ ಹಾಡಲು ಮನಸ್ಸು ಮಾಡುತ್ತಿದ್ದವು. ಈಚೆಗೆ ಹಾಡಿನ ನಡುವೆ ಚಟಪಟ ಅನ್ನತೊಡಗಿದ್ದವು.

ಇನ್ನೊಂದು ಹೊಸದು, ಟ್ರಾನ್ಸಿಸ್ಟರಿನದು. ಇಟ್ಟ ಜಾಗ ಮರೆತರೆ ಹಳೇ ಪೇಪರಿನ ಜೊತೆ ರದ್ದಿಗೆ ಹೋಗಿಬಿಡುವಷ್ಟು ತೆಳು. ಒತ್ತಿದ ಕ್ಷಣವೇ ಹಾಡುತ್ತಿತ್ತು. ಅದನ್ನು ತಂದವನು ಹೆಂಡತಿಯ ತಮ್ಮ, ಪೇಟೆಯಲ್ಲಿ ಸ್ಪೀಕರ್ ಅಂಗಡಿ ಇಟ್ಟವನು.

“ಭಾವ, ನಿಮ್ಮದು ಆಂಪ್ಲಿಫೈಯರ್ ಅಲ್ಲ, ಒಲೆ,” ಅಂದ ಭಾವಮೈದ. “ಅದರ ವಾಲ್ವು ಈಗ ಯಾರೂ ತರಿಸಲ್ಲ. ಇದ್ದದ್ದು ಹೋದ್ರೆ ಹೋಯ್ತು. ಇದನ್ನ ಕೇಳಿ. ಹಾಡೋಳು ಉಗುಳು ನುಂಗಿದ್ದೂ ಕೇಳ್ಸುತ್ತೆ.”

“ಅವಳ ಉಗುಳು ಕಟ್ಕೊಂಡು ನನಗೇನಾಗಬೇಕಯ್ಯ?”

“ಅಕ್ಕನಿಗೆ ಕೇಳ್ಸಲಿ ಅಂತ ತಾನೇ ತರಿಸಿದ್ದು?”

ಎಲ್ಲ ಇದ್ದದ್ದು ಆ ಮಾತಿನಲ್ಲೇ.

ಆ ಮನೆಯಲ್ಲಿ ಒಂದು ರೆಕಾರ್ಡ್ ಇತ್ತು. ಅದರ ಹಾಡಿನಲ್ಲಿ ಎರಡನೆಯ ಚರಣ ಮುಗಿದ ಮೇಲೆ ಗಾಯಕಿ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಒಮ್ಮೆಲೇ ದನಿಯನ್ನು ಮೇಲಕ್ಕೆ ಒಯ್ಯುತ್ತಾಳೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಆ ಗಳಿಗೆಗೆ ಸರಿಯಾಗಿ, ಮಾಡುತ್ತಿದ್ದ ಕೆಲಸ ಬಿಟ್ಟು, ಒದ್ದೆ ಕೈಯನ್ನೇ ಮೇಲೆತ್ತಿ, “ಈಗ ಬಂತು ನೋಡಿ” ಎನ್ನುತ್ತಿದ್ದಳು. ದನಿ ಏರುತ್ತಿತ್ತು. ನೀನು ಹೇಳದಿದ್ದರೆ ಆಕೆ ಪಾಪ ಅಲ್ಲೇ ಕಾಯುತ್ತ ನಿಂತುಬಿಡುತ್ತಾಳೆ ಎಂದು ಅವನು ರೇಗಿಸುತ್ತಿದ್ದ.

ಆಮೇಲೆ ಹೆಂಡತಿಯ ಕಿವಿ ಮಂದವಾಗುತ್ತ ಬಂದು, ಒಂದು ದಿನ ಹೋಗಿಯೇಬಿಟ್ಟಿತು. ಕಿವಿಯ ಮಷೀನು ಹಾಕಿದರೆ ಮಾತು ಅಷ್ಟಿಷ್ಟು ತಿಳಿಯುತ್ತಿತ್ತು, ಹಾಡು ಮಾತ್ರ ತಗಡು ಎಳೆದಾಡಿದ ಹಾಗೆ. ಮಷೀನನ್ನು ಡಬ್ಬಿಗೆ ಹಾಕಿ, ಎದುರಿದ್ದವರ ತುಟಿ ನೋಡಿಯೇ ಮಾತು ತಿಳಿಯುವುದನ್ನು ಅವಳು ಕಲಿತಳು. ಸಂಜೆ ಹಾಡು ಹಾಕಿದರೆ ಈಗಲೂ ಬಂದು ಪಕ್ಕದಲ್ಲಿ ಕೂರುತ್ತಿದ್ದಳು, ನಿಜ. ಆ ಮಾತು ಮಾತ್ರ ನಿಂತುಹೋಗಿತ್ತು. ಗಾಯಕಿ ಯಾರೂ ಹೇಳದೆಯೇ ಏರುತ್ತಿದ್ದಳು, ಇಳಿಯುತ್ತಿದ್ದಳು. ಆ ಮಾತನ್ನು ಇನ್ನೊಮ್ಮೆ ಕೇಳುವುದಕ್ಕೆ ಅವನು ತನ್ನ ಅಂಗಡಿಯನ್ನಷ್ಟೇ ಅಲ್ಲ, ಊರಿನವರ ಕಣ್ಣುಗಳನ್ನೆಲ್ಲ ಬರೆದುಕೊಡಲು ತಯಾರಿದ್ದ. ಗಟ್ಟಿಯಾದ, ಚೊಕ್ಕ ದನಿ ಬಂದರೆ ಒಂದು ಎಳೆಯಾದರೂ ಅವಳ ಕಿವಿಗೆ ಬಿದ್ದೀತು ಎಂಬುದು ಅವನ ಆಸೆ.

ಅವನ ಸ್ವಂತ ಕಿವಿಯೋ ಬೆಳಗಿನಿಂದ ಎರಡು ದೋಣಿಯಲ್ಲಿ ಕಾಲಿಟ್ಟಿತ್ತು. ಹಳೆಯದರಲ್ಲಿ ಗಾಯಕಿ ಬೆಚ್ಚಗೆ ಹೊದ್ದುಕೊಂಡು ಒಳಮನೆಯಲ್ಲಿ ಹಾಡುತ್ತಿದ್ದಳು. ಹೊಸದರಲ್ಲಿ ಸ್ನಾನ ಮಾಡಿ ಎದುರಿಗೇ ಬಂದು ನಿಂತಿದ್ದಳು.

ಸಂಜೆಯಾಯಿತು. ಭಾವಮೈದ ಸ್ಪೀಕರಿನ ತಂತಿಗಳನ್ನು ಹೊಸದಕ್ಕೆ ಸಿಕ್ಕಿಸಿ, ಕೂತವರ ಕಣ್ಣಿಗೆ ಕಾಣದಷ್ಟು ಮೇಲಿನ ಹಲಗೆಯಲ್ಲಿದ್ದ ಪ್ಲೇಯರಿನ ರೆಕಾರ್ಡಿಗೆ ಮುಳ್ಳು ಇಟ್ಟ. ದನಿ ಎಷ್ಟು ಜೋರಿತ್ತೆಂದರೆ ಮೂರು ಬೀದಿಯಾಚೆ ಮಲಗಿದ್ದ ನಾಯಿ ಎದ್ದು ಕೂತಿತು, ಕಪಾಟಿನ ಲೋಟಗಳು ತಾವಾಗಿಯೇ ಜಾಗ ಬದಲಾಯಿಸಿಕೊಂಡವು. ಹೆಂಡತಿ ಸೆರಗಿಗೆ ಕೈಯೊರಸಿಕೊಳ್ಳುತ್ತ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಮೊದಲ ಚರಣ ಆಯಿತು. ಎರಡನೆಯದೂ ಆಯಿತು. ಗಾಯಕಿ ಸುಮ್ಮನಾದಳು. ಅವನು ಹೆಂಡತಿಯ ಮಾತಿಗೆ ಕಿವಿಗೊಟ್ಟ. ಗಾಯಕಿ ಏರಿದಳು, ಇಳಿದಳು, ಹಾಡು ಮುಗಿದೇಹೋಯಿತು.

ಹೆಂಡತಿ ಅವನ ಕಡೆ ತಿರುಗಿ, “ಇನ್ನೂ ಹಾಕಿಲ್ವಾ ರೀ?” ಅಂದಳು. “ನೆಲ ಬೇರೆ ನಡುಗ್ತಿದೆ. ಹೊರಗೆ ಯಾರದೋ ಲಾರಿ ನಿಂತಿರಬೇಕು, ನೋಡಿ.”

ಭಾವಮೈದ ನಕ್ಕ. ಕನ್ನಡಕದವನು ನಗಲಿಲ್ಲ. ಮಾತು ಮುಗಿಸಿ ಅವಳು ಮತ್ತೆ ಎತ್ತ ತಿರುಗಿದಳೆಂದು ಆಗ ಗಮನಿಸಿದ. ಜೀವಮಾನವೆಲ್ಲ ಊರವರ ಕಣ್ಣು ನೋಡಿದವನು ಮನೆಯ ಈ ಎರಡು ಕಣ್ಣನ್ನು ನೋಡಿರಲಿಲ್ಲ. ಅವು ಹಳೆಯ ಪೆಟ್ಟಿಗೆಯ ಉರಿಯದ ಬುರುಡೆಗಳ ಮೇಲಿದ್ದವು.

“ಅಲ್ಲೇನೇ ನೋಡ್ತೀಯ?” ತುಟಿ ಕಾಣುವ ಹಾಗೆ ಎದುರಿಗೆ ಬಂದು ನಿಧಾನವಾಗಿ ಕೇಳಿದ.

“ಅದರೊಳಗೆ ನೀಲಿ ಬರುತ್ತಲ್ಲ. ಅವಳು ಹಾಡಿದ ಹಾಗೆ ಕುಣಿಯುತ್ತೆ. ನಿಮಗೆ ಕಂಡೇ ಇಲ್ವಾ? ದಿನಾ ಎದುರಿಗೇ ಕೂತಿರ್ತೀರಿ.”

ಕಂಡಿರಲಿಲ್ಲ. ಹಾಡು ಕೇಳುವಾಗ ಅವನು ಕಣ್ಣು ಮುಚ್ಚಿಕೊಳ್ಳುವವನು.

“ಅಕ್ಕ ಹೇಳೋದು ನಿಜ ಭಾವ,” ಅಂದ ಭಾವಮೈದ. “ಕೆಲವು ವಾಲ್ವಿನ ಗಾಜಿಗೆ ಒಳಗಿಂದ ನೀಲಿ ಬೆಳಕು ಹತ್ತುತ್ತೆ. ದನಿ ಏರಿದ್ರೆ ಅದೂ ಅಲ್ಲಾಡುತ್ತೆ. ಆದ್ರೆ ಹಾಡಿಗೆ ಅದರಿಂದ ಏನೂ ಉಪಯೋಗ ಇಲ್ಲ.”

“ಉಪಯೋಗ ಇಲ್ಲ,” ಅಂದ ಅವನು, ಕಿಟಕಿ ಮುಚ್ಚುತ್ತ. ಪರದೆ ಎಳೆದ. ಹಜಾರ ಅಂಗಡಿಯ ಕೋಣೆಯಂತೆ ಕತ್ತಲಾಯಿತು. ಹೆಂಡತಿಯ ಕುರ್ಚಿಯನ್ನು ಮುಂದಕ್ಕೆ ಎಳೆದು, ಮೊದಲು ಹೊಸದನ್ನು ಹಾಡಿಸಿದ. ಆಮೇಲೆ ತಂತಿ ಬದಲಿಸಿ, ಬುರುಡೆಗಳು ಕೆಂಪಾಗುವ ತನಕ ಕಾದು, ಹಳೆಯದನ್ನು ಹಾಡಿಸಿದ. ಗಿರಾಕಿಗಳ ಕಣ್ಣಿಗೆ ಬಿಡುವ ಪುಟ್ಟ ಟಾರ್ಚನ್ನು ತನ್ನ ತುಟಿಗೇ ಹಿಡಿದು ಕೇಳಿದ:

“ಒಂದನೇದು ಚೆನ್ನಾಗಿದೆಯಾ, ಎರಡನೇದಾ?”

“ಮನೆಯಲ್ಲೂ ಶುರುವಾಯ್ತಾ ನಿಮ್ಮದು,” ಅಂದಳು ಹೆಂಡತಿ. ಆದರೆ ತಡವರಿಸಲಿಲ್ಲ. “ಒಂದನೇದು ಬರೀ ಕತ್ತಲು. ಎರಡನೇದು ಹಾಡು.”

“ಚಟಪಟ ಅಂತಿದೆ ಭಾವ. ಇನ್ನೆಷ್ಟು ದಿನ ಇರುತ್ತೋ ಗೊತ್ತಿಲ್ಲ.”

“ನಮ್ಮದು ಮಾತ್ರ ಗೊತ್ತಿದೆಯೇನಯ್ಯ? ಹೋಗ್ತಾ ನಿನ್ನದನ್ನ ಎತ್ಕೊಂಡು ಹೋಗು. ಈಗ ಸುಮ್ಮನೆ ಕೂತ್ಕೋ.”

ಹಾಡನ್ನು ಮೊದಲಿನಿಂದ ಹಾಕಿ ಅವನು ಕಣ್ಣು ತೆರೆದೇ ಕೂತ. ಕೆಂಪಿನಾಚೆ, ಗಾಜಿನ ಒಳಮೈಗೆ ಅಂಟಿಕೊಂಡು, ಉಸಿರಾಡುವಂಥ ನೀಲಿ. ಇಷ್ಟು ವರ್ಷ ಅವಳು ಒಬ್ಬಳೇ ನೋಡಿದ್ದು.

ಎರಡನೆಯ ಚರಣದಲ್ಲಿ ಇನ್ನೂ ಒಂದು ಸಾಲು ಬಾಕಿ ಇರುವಾಗ ನೀಲಿ ಸ್ವಲ್ಪ ಕುಗ್ಗಿತು. ಹೆಂಡತಿ ಕೈ ಮೇಲೆತ್ತಿದಳು.

“ಈಗ ಬಂತು ನೋಡಿ.”

“ಅಕ್ಕ, ಇನ್ನೂ...” ಎಂದು ಭಾವಮೈದ ಬಾಯಿ ತೆರೆದ. ಅವನು ಟಾರ್ಚನ್ನು ಆ ಬಾಯಿಗೇ ಬಿಟ್ಟ, ಅದು ಮುಚ್ಚಿಕೊಂಡಿತು. ಆಮೇಲೆ ತನ್ನ ತುಟಿಗೆ ಹಿಡಿದು, “ಹೌದು ಕಣೇ, ಬಂತು,” ಅಂದ.

ಅವಳು ನಗುತ್ತ ಅವನ ಕಡೆಗೇ ನೋಡುತ್ತ ಉಳಿದಳು. ಅವಳ ಬೆನ್ನ ಹಿಂದೆ ಗಾಯಕಿ ಸುಮ್ಮನಾದಳು. ಆಮೇಲೆ ಏರಿದಳು. ನೀಲಿ ಗಾಜಿನ ತುಂಬ ಎದ್ದು, ಅವಳ ನರೆಗೂದಲಿನ ಅಂಚಿಗೆ ಬಂದು ಹತ್ತಿತು. ಅಲ್ಲಿ ನೋಡು ಎಂದು ಅವನು ಬೆರಳು ಮಾಡಿದ. ಅವಳು ತಿರುಗುವ ಹೊತ್ತಿಗೆ ಅದು ಇಳಿದಿತ್ತು.

“ಏನ್ರೀ?”

“ಇನ್ನೊಂದ್ಸಲ ಹಾಕ್ಲಾ?” ಅಂದ ಅವನು. ಟಾರ್ಚು ಮಡಿಲಲ್ಲೇ ಉಳಿದಿತ್ತು, ಅವಳಿಗೆ ತುಟಿ ಕಾಣಲಿಲ್ಲ. ಅವಳ ಉತ್ತರಕ್ಕೆ ಕಾಯದೆ, ಕತ್ತಲಲ್ಲೇ ತಡಕುತ್ತ ಹೋಗಿ, ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ಇಟ್ಟ.