ಚಿಕ್ಕಹನುಮಯ್ಯನ ಸಣ್ಣ ಕಾರು

ಮಾರೇನಹಳ್ಳಿಯ ಹಳೆಯ ಭಾಗದಲ್ಲಿ ಒಂದು ಗಲ್ಲಿಯಿದೆ. ಒಳಗೊಂದು ಆಟೋ ನಿಂತರೆ ಹಿಂದೆ ಬಂದ ಸ್ಕೂಟರು ಕಾಯಬೇಕು. ದೊಡ್ಡ ಕಾರಿನವರು ಮೂಲೆಯಲ್ಲೇ ನಿಲ್ಲಿಸಿ, ಕನ್ನಡಿಗೆ ಗೀರು ಬಿದ್ದೀತೆಂದು ಹತ್ತು ಸಲ ಹಿಂತಿರುಗಿ ನೋಡುತ್ತಾ ನಡೆದು ಬರುತ್ತಾರೆ. ಮನೆಬಾಗಿಲಿನವರೆಗೆ ಬಂದು ಮತ್ತೆ ಮರ್ಯಾದೆಯಿಂದ ಹೊರಗೆ ಹೋಗಬಲ್ಲ ಕಾರು ಅಲ್ಲಿ ಒಂದೇ. ಅದು ಚಿಕ್ಕಹನುಮಯ್ಯನದು.

ಅವನು ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವನು. ಕೆಲಸ ಬಿಟ್ಟ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ ಈ ಕಾರು ಕೊಂಡ. ಪೆಟ್ರೋಲಿನ ವಾಸನೆ ತೋರಿಸಿದರೆ ಸಾಕು, ಓಡುತ್ತದೆ ಎಂದು ಎಲ್ಲರ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಕಾರಿನ ಜಿಪುಣತನ ಸಾಲದೆಂಬಂತೆ ತನ್ನದನ್ನೂ ಸೇರಿಸುತ್ತಿದ್ದ. ಸಿಗ್ನಲ್ ಕೆಂಪಾದ ತಕ್ಷಣ ಎಂಜಿನ್ ಆಫ್. ಹಸಿರಾದ ಮೇಲೆ ಕೀ ತಿರುವಿದರೆ ಕಾರು ಗಕ್ಕನೆ ಒಮ್ಮೆ ಕುಲುಕಿ, ಮೈ ಜಾಡಿಸಿಕೊಂಡು ಹೊರಡುತ್ತಿತ್ತು. ಅಷ್ಟರಲ್ಲಿ ಹಿಂದಿನವರು ಬೈದು ಮುಗಿಸಿರುತ್ತಿದ್ದರು. ಬೈಗುಳಕ್ಕೆ ಪೆಟ್ರೋಲು ಖರ್ಚಾಗುವುದಿಲ್ಲವಲ್ಲ ಎಂದು ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಅವಗುಣಗಳಿಗೂ ಬರವಿರಲಿಲ್ಲ. ಎಸಿ ಹಾಕಿಕೊಂಡು ಫ್ಲೈಓವರ್ ಹತ್ತಿಸಿದರೆ ಅದಕ್ಕೆ ಉಬ್ಬಸ ಬರುತ್ತಿತ್ತು. ಪಕ್ಕದಲ್ಲಿ ಲಾರಿ ಹಾದುಹೋದರೆ ಒಳಗೆ ಕೂತವರಿಗೆಲ್ಲ ನಡುಕ. ಬಾಗಿಲು ಹಾಕಿದರೆ ಅವಲಕ್ಕಿ ಡಬ್ಬದ ಮುಚ್ಚಳ ಹಾಕಿದಂಥ ಸದ್ದು. ಡಿಕ್ಕಿಯಲ್ಲಿ ಒಂದು ಅಕ್ಕಿ ಮೂಟೆ ಇಟ್ಟರೆ ಮುಗಿಯಿತು, ಹಿಂದಿನ ಸೀಟಿನಲ್ಲಿ ಮೈ ತುಂಬಿಕೊಂಡ ಇಬ್ಬರು ಕೂತರೆ ಮೂರನೆಯವರು ಬಸ್ ಹುಡುಕಬೇಕು. ಈ ಇಕ್ಕಟ್ಟೇ ಅವನ ಹೆಂಡತಿ ಪಾಪಮ್ಮನಿಗೆ ಒಂದು ಸ್ಥಾನ ಕೊಟ್ಟಿತು.

ಪಾಪಮ್ಮನಿಗೆ ಮಕ್ಕಳಾಗಲಿಲ್ಲ. ಗಲ್ಲಿಯವರು ಅದನ್ನು ಬಾಯಿಬಿಟ್ಟು ಆಡಿದವರಲ್ಲ. ಆದರೆ ನಾಮಕರಣಕ್ಕೆ ಕರೆದರೆ ಅವಳು ತಾನಾಗಿಯೇ ಅಡುಗೆಮನೆ ಸೇರಿ ಪಾತ್ರೆ ತೊಳೆಯುತ್ತಿದ್ದಳು, ಯಾರೂ ಬೇಡ ಎನ್ನುತ್ತಿರಲಿಲ್ಲ. ತೊಟ್ಟಿಲಿನ ಹತ್ತಿರ ಅವಳು ಹೋದದ್ದನ್ನು ಚಿಕ್ಕಹನುಮಯ್ಯ ನೋಡಿರಲಿಲ್ಲ. ಮನೆಗೆ ಬಂದ ಮೇಲೆ ಊಟ ಹೇಗಿತ್ತು ಎಂದಷ್ಟೇ ಕೇಳುತ್ತಿದ್ದ. ಬೇರೇನನ್ನೂ ಕೇಳಲು ಅವನಿಗೆ ಧೈರ್ಯವಿರಲಿಲ್ಲ.

ಒಮ್ಮೆ ಎದುರು ಮನೆಯ ಹುಡುಗಿಗೆ ಸಿಸೇರಿಯನ್ ಆಯಿತು. ಮೂಲೆಯಿಂದ ಮನೆವರೆಗೆ ನಡೆಯುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಆಟೋದಲ್ಲಿ ಕರೆತಂದರೆ ಹಸುಗೂಸಿಗೆ ಧೂಳು. ಹಾಗಾಗಿ ಚಿಕ್ಕಹನುಮಯ್ಯನ ಕಾರು ಹೊರಟಿತು. ಮುಂದಿನ ಸೀಟಿನಲ್ಲಿ ಅಜ್ಜಿ, ಅವಳ ತೊಡೆಯ ಮೇಲೆ ಬ್ಯಾಗು, ಫ್ಲಾಸ್ಕು, ಬಕೆಟ್ಟು. ಹಿಂದೆ ಒರಗಿ ಮಲಗಿದ ಬಾಣಂತಿ. ಅವಳ ಪಕ್ಕ ಉಳಿದಿದ್ದ ಗೇಣು ಜಾಗದಲ್ಲಿ ಹಿಡಿಸುವ ಹೆಂಗಸು ಇಡೀ ಗಲ್ಲಿಗೆ ಒಬ್ಬಳೇ, ಕಡ್ಡಿಯಂಥ ಪಾಪಮ್ಮ. ಮಗು ಅವಳ ಮಡಿಲಿಗೆ ಬಂತು. ಕನ್ನಡಿಯಲ್ಲಿ ಅವಳ ಮುಖ ಕಂಡ ಚಿಕ್ಕಹನುಮಯ್ಯ ಆವತ್ತು ದಾರಿಯುದ್ದಕ್ಕೂ ಕಾರನ್ನು ನಡಿಗೆಯ ವೇಗದಲ್ಲೇ ಓಡಿಸಿದ.

ಆಮೇಲೆ ಅದು ಗಲ್ಲಿಯ ಪದ್ಧತಿಯೇ ಆಯಿತು. ಯಾವ ಮನೆಯ ಮಗುವಾದರೂ ಮೊದಲ ಸಲ ಮನೆಗೆ ಬರುವುದು ಚಿಕ್ಕಹನುಮಯ್ಯನ ಕಾರಿನಲ್ಲಿ, ಪಾಪಮ್ಮನ ಮಡಿಲಲ್ಲಿ. ಅವಳ ಹಳೆಯ ಕಾಟನ್ ಸೀರೆಯಿಂದ ಮೆತ್ತನೆಯದೊಂದು ತುಂಡನ್ನು ಅವನು ತನ್ನ ದೊಡ್ಡ ಕತ್ತರಿಯಲ್ಲಿ ಅಳತೆಯಾಗಿ ಕತ್ತರಿಸಿ ಕೊಡುತ್ತಿದ್ದ. ಆ ತುಂಡು ಮಗುವಿನ ಜೊತೆಗೇ ಆ ಮನೆಗೆ ಹೋಗುತ್ತಿತ್ತು. ಬಾಗಿಲಲ್ಲಿ ಆರತಿ ಎತ್ತಿ, ಕೆಂಪು ನೀರನ್ನು ಕಾರಿನ ಮುಂದಿನ ಚಕ್ರಕ್ಕೂ ಸುರಿಯುತ್ತಿದ್ದರು. ಮಗು ಇರುವಾಗ ಮಾತ್ರ ಅವನು ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡುತ್ತಿರಲಿಲ್ಲ. ಮತ್ತೆ ಸ್ಟಾರ್ಟ್ ಮಾಡಿದರೆ ಕಾರು ಕುಲುಕುತ್ತದೆ, ಮಗು ಬೆಚ್ಚಿ ಏಳುತ್ತದೆ. ಅಂಥ ಜಿಪುಣ ಇದೊಂದಕ್ಕೆ ಕೈ ಬಿಗಿ ಹಿಡಿಯಲಿಲ್ಲ.

ಎರಡು ವರ್ಷದ ಹಿಂದೆ ಗಲ್ಲಿಯ ಕೊನೆಯ ಮನೆಯ ನಾಗೇಂದ್ರ ಫೋನ್ ಮಾಡಿದ. ಅವನ ಹೆಂಡತಿ ಚೇತನಾಗೆ ಹಿಂದಿನ ದಿನ ಗಂಡು ಮಗುವಾಗಿತ್ತು.

"ಅಂಕಲ್, ಕಾರು ತರ್ತೀರಾ?" ಎಂದ. ಅಷ್ಟೇ ಹೇಳಿ ಇಟ್ಟುಬಿಟ್ಟ.

ಇಷ್ಟು ಬೇಗ ಕಳಿಸುತ್ತಿದ್ದಾರಾ ಎಂದು ಪಾಪಮ್ಮ ಅಚ್ಚರಿಪಟ್ಟುಕೊಂಡೇ ಬಟ್ಟೆಯ ತುಂಡು ಮಡಚಿಕೊಂಡು ಹೊರಟಳು. ರಾಜಾಜಿನಗರದ ಆಸ್ಪತ್ರೆಯ ಗೇಟಿನ ಬಳಿ ನಾಗೇಂದ್ರ ಒಬ್ಬನೇ ನಿಂತಿದ್ದ. ಅವನ ಕೈಯಲ್ಲಿ ಬಿಳಿ ಬಟ್ಟೆಯ ಗಂಟಿತ್ತು.

"ಬೆಳಗ್ಗೆ ಹೋಗ್ಬಿಟ್ಟ, ಅಂಕಲ್. ಇಬ್ರು ಆಟೋದವ್ರು ಬಂದ್ರು. ಏನು ಅಂತ ಗೊತ್ತಾದ್ಮೇಲೆ ಆಗಲ್ಲ ಅಂದ್ರು. ಚೇತನಾ ಕೈಗೂ ಕೊಡಲಿಲ್ಲ. ಎತ್ಕೊಂಡ್ರೆ ಮರೆಯೋಕಾಗಲ್ಲ ಅಂತ ದೊಡ್ಡವ್ರು ಬೇಡ ಅಂದ್ರು."

ಚಿಕ್ಕಹನುಮಯ್ಯ ಒಂದು ಕ್ಷಣ ಕಾರಿನ ಕಡೆ ನೋಡಿದ. ಇದನ್ನು ಒಳಗೆ ತೆಗೆದುಕೊಂಡರೆ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಬಾಯಿ ತೆರೆಯುವ ಮೊದಲೇ ಪಾಪಮ್ಮ ಹಿಂದಿನ ಬಾಗಿಲು ತೆಗೆದು ಕೂತು, ಎರಡೂ ಕೈ ಚಾಚಿದಳು. ಆಸ್ಪತ್ರೆಯ ಬಟ್ಟೆಯ ಮೇಲೆ ತನ್ನ ಸೀರೆಯ ತುಂಡನ್ನು ಸುತ್ತಿದಳು.

ಉಲ್ಲಾಳದ ಕಡೆಯ ಸ್ಮಶಾನಕ್ಕೆ ಹೊರಟರು. ಮಾಗಡಿ ರಸ್ತೆಯಲ್ಲಿ ಸಿಗ್ನಲ್ ಕೆಂಪಾಯಿತು. ಚಿಕ್ಕಹನುಮಯ್ಯನ ಕೈ ಕೀಗೆ ಹೋಯಿತು. ಕನ್ನಡಿಯಲ್ಲಿ ನೋಡಿದ. ಪಾಪಮ್ಮ ಎಂದಿನ ಹಾಗೆಯೇ ಕೂತಿದ್ದಳು, ಒಂದು ಅಂಗೈ ತಲೆಯ ಕೆಳಗೆ, ಇನ್ನೊಂದು ಕೈ ಕಿಟಕಿಯ ಬಿಸಿಲಿಗೆ ಅಡ್ಡ. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಎಂಜಿನ್ ಓಡುತ್ತಲೇ ಇತ್ತು. ಪಕ್ಕದಲ್ಲಿದ್ದ ನಾಗೇಂದ್ರ ಆ ಕೈಯನ್ನು ನೋಡಿದ, ಆಮೇಲೆ ಮಂಡಿಗೆ ಮುಖ ಒತ್ತಿ ಅತ್ತ. ದೊಡ್ಡ ಕಾರಾಗಿದ್ದರೆ ಅವನ ಅಳುವಿಗೆ ಒಂದಿಷ್ಟು ದೂರವಾದರೂ ಸಿಗುತ್ತಿತ್ತೇನೋ. ಇಲ್ಲಿ ಅವನ ಭುಜ ಚಿಕ್ಕಹನುಮಯ್ಯನ ಭುಜಕ್ಕೆ ತಾಗುತ್ತಿತ್ತು.

ಮನೆಗೆ ಬಂದು ಸ್ನಾನ ಮಾಡಿದರು, ಕಾರು ತೊಳೆದರು, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಗಲ್ಲಿಯವರು ಕೆಟ್ಟವರಲ್ಲ, ಯಾರೂ ಒಂದು ಕಹಿ ಮಾತು ಆಡಲಿಲ್ಲ. ಆದರೆ ಅದರ ಮುಂದಿನ ಹೆರಿಗೆಗೆ, "ಕ್ಯಾಬ್ ಬುಕ್ ಆಗ್ಬಿಟ್ಟಿತ್ತು, ನಿಮಗ್ಯಾಕೆ ತೊಂದ್ರೆ" ಎಂದರು. ಬಾಣಂತಿ ಮೂಲೆಯಲ್ಲಿ ಇಳಿದು, ಹೊಟ್ಟೆ ಹಿಡಿದುಕೊಂಡು, ಆ ಸಣ್ಣ ಕಾರಿಗೆ ಸೆರಗೂ ತಾಕದಂತೆ ಸರಿದು ನಡೆದಳು. ಆಮೇಲಿನ ಹೆರಿಗೆಗೂ ಹಾಗೇ. ನೋವು ತಿಂದರೂ ಸರಿ, ಆ ಕಾರು ಬೇಡ. ಪಾಪಮ್ಮ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದಳು. ನಾಮಕರಣಗಳಲ್ಲಿ ಮತ್ತೆ ಪಾತ್ರೆಯ ಮುಂದೆ ಕೂತಳು.

ಚಿಕ್ಕಹನುಮಯ್ಯನಿಗೆ ಅದನ್ನು ಸಹಿಸಲಾಗಲಿಲ್ಲ. ಒಂದು ಸಂಜೆ ಸಿಟ್ಟನ್ನೆಲ್ಲ ಅವಳ ಮೇಲೇ ಹಾಕಿದ.

"ಅವತ್ತು ನೀನು ಬಾಗಿಲು ತೆಗೀಬಾರ್ದಿತ್ತು ಕಣೇ."

"ಆ ಮಗೂನ ಫುಟ್‌ಪಾತ್ ಮೇಲೆ ಬಿಟ್ಟು ಬರ್ಬೇಕಿತ್ತಾ?"

ಅವನಿಗೆ ನಾಚಿಕೆಯಾಯಿತು. "ಕಾರು ಮಾರಿಬಿಡ್ತೀನಿ. ಕಣ್ಣೆದುರಿಗೆ ಇರೋದೇ ಬೇಡ" ಎಂದ.

"ನಿಮ್ಮಿಷ್ಟ" ಎಂದಳು ಪಾಪಮ್ಮ. ಮಾರುವ ಮಾತು ಹಲವು ಸಲ ಬಂತು, ಹೋಯಿತು. ಅವಳು ಮಾತ್ರ ವಾರಕ್ಕೊಮ್ಮೆ ಹಿಂದಿನ ಸೀಟನ್ನು ಒರೆಸುವುದನ್ನು ಬಿಡಲಿಲ್ಲ.

ಈ ವರ್ಷ ಚೇತನಾ ಮತ್ತೆ ಹೆರಿಗೆಗೆ ಹೋದಳು. ಈ ಸಲ ನಾಗೇಂದ್ರನ ತಾಯಿ ನರಸಮ್ಮ ಮೊದಲೇ ತನ್ನ ತಮ್ಮನ ದೊಡ್ಡ ಕಾರಿಗೆ ಹೇಳಿಟ್ಟಿದ್ದಳು. ಒಂದು ಬೆಳಗ್ಗೆ ಚಿಕ್ಕಹನುಮಯ್ಯನ ಫೋನ್ ಬಡಿದುಕೊಂಡಿತು.

"ಅಂಕಲ್, ಕಾರು ತರ್ತೀರಾ?"

ಅದೇ ದನಿ, ಅದೇ ಮಾತು. "ಏನಾಯ್ತಪ್ಪಾ?" ಎಂದು ಹೇಗೋ ಕೇಳಿದ.

"ಏನೂ ಆಗಿಲ್ಲ ಅಂಕಲ್. ಹೆಣ್ಣು ಮಗು, ಚೆನ್ನಾಗಿದೆ. ಇವತ್ತು ಕಳಿಸ್ತಾರೆ. ಚೇತನಾ ನಿಮ್ಮ ಕಾರಲ್ಲೇ ಬರ್ತೀನಿ ಅಂತ ಹಟ ಹಿಡಿದಿದಾಳೆ. ಅಮ್ಮ ಬೇಡ ಅಂದ್ರೂ ಕೇಳ್ತಿಲ್ಲ. ಆಂಟೀನೂ ಕರ್ಕೊಂಡ್ ಬನ್ನಿ."

ವಿಷಯ ಕೇಳಿ ಪಾಪಮ್ಮ ಒಲೆಯ ಮುಂದಿನಿಂದ ಏಳಲೇ ಇಲ್ಲ. "ನಾನು ಬರಲ್ಲ. ನೀವು ಹೋಗಿ. ನಾಳೆ ಆ ಮಗೂಗೆ ಒಂದು ಕೆಮ್ಮು ಬಂದ್ರೂ ನನ್ನ ಕಡೆ ನೋಡ್ತಾರೆ."

ಚಿಕ್ಕಹನುಮಯ್ಯ ಟ್ರಂಕಿನಿಂದ ಅವಳ ಹಳೆಯ ಹಸಿರು ಸೀರೆ ತೆಗೆದು, ನೆಲದ ಮೇಲೆ ಹಾಸಿ, ಕತ್ತರಿ ಹಾಕಿದ. ತುಂಡನ್ನು ಮಡಚಿ ಅವಳ ಪಕ್ಕ ಇಟ್ಟು ಹೋಗಿ ಕಾರಿನಲ್ಲಿ ಕೂತ. ಬಹಳ ಹೊತ್ತಾದ ಮೇಲೆ ಹಿಂದಿನ ಬಾಗಿಲು ತೆರೆದ ಸದ್ದಾಯಿತು.

ಆಸ್ಪತ್ರೆಯಲ್ಲಿ ನರಸಮ್ಮ ಇವರಿಬ್ಬರ ಮುಖ ನೋಡಲಿಲ್ಲ. ಆರತಿಗೆ ಅಣಿ ಮಾಡಬೇಕೆಂದು ಹೇಳಿ, ತಮ್ಮನ ಕಾರು ಹತ್ತಿ ಮುಂದೆ ಹೋದಳು. ನಾಗೇಂದ್ರ ಬ್ಯಾಗು ಬಕೆಟ್ಟುಗಳನ್ನು ತೊಡೆಯ ಮೇಲೆ ಹೇರಿಕೊಂಡು ಮುಂದೆ ಕೂತ. ಚೇತನಾ ಹಿಂದೆ ಒರಗಿದಳು. ಮಗುವನ್ನು ಮಾತ್ರ ತಾನೇ ಎದೆಗೆ ಒತ್ತಿಕೊಂಡಿದ್ದಳು. ಪಕ್ಕದ ಗೇಣು ಜಾಗದಲ್ಲಿ ಪಾಪಮ್ಮ ಹಸಿರು ತುಂಡನ್ನು ಮಡಿಲಲ್ಲಿಟ್ಟುಕೊಂಡು, ಅದರ ಮೇಲೆ ಖಾಲಿ ಕೈಗಳನ್ನು ಜೋಡಿಸಿಕೊಂಡು ಕೂತಳು. ಅದನ್ನು ಕನ್ನಡಿಯಲ್ಲಿ ಕಂಡ ಚಿಕ್ಕಹನುಮಯ್ಯನಿಗೆ, ಇವಳನ್ನು ಯಾಕಾದರೂ ಕರೆತಂದೆನೋ ಎನಿಸಿತು. ಕೊಡದಿದ್ದರೆ ಬೇಡ, ಹೀಗೆ ಪಕ್ಕದಲ್ಲಿ ಕೂರಿಸಿಕೊಳ್ಳಬಾರದಿತ್ತು.

ದಾರಿಯಲ್ಲಿ ಸಿಗ್ನಲ್ ಕೆಂಪಾಯಿತು. ಸುತ್ತಲೂ ಬಸ್ಸು, ಬೈಕು. ಚಿಕ್ಕಹನುಮಯ್ಯ ಕೀ ಮುಟ್ಟಲಿಲ್ಲ.

"ಅವತ್ತೂ ನೀವು ಎಂಜಿನ್ ಆಫ್ ಮಾಡಿರ್ಲಿಲ್ವಂತೆ ಅಂಕಲ್" ಎಂದಳು ಚೇತನಾ ಹಿಂದಿನಿಂದ. "ಇವ್ರು ಹೇಳಿದ್ರು. ನನ್ನ ಮಗ ಎದ್ಬಿಡ್ತಾನೆ ಅಂತ ಆಫ್ ಮಾಡ್ಲಿಲ್ಲ ಅಂತ."

ಅವನು ಕನ್ನಡಿಯಲ್ಲಿ ನೋಡಿದಾಗ ಚೇತನಾ ಮಗುವನ್ನು ಎದೆಯಿಂದ ಬಿಡಿಸಿ ಪಾಪಮ್ಮನ ಕಡೆ ಚಾಚುತ್ತಿದ್ದಳು.

"ನಾನು ಅವನನ್ನ ಎತ್ಕೊಳ್ಳಲೇ ಇಲ್ಲ ಆಂಟಿ. ನೀವು ಎತ್ಕೊಂಡಿದ್ರಿ. ಅವತ್ತು ಹೇಗೆ ಹಿಡ್ಕೊಂಡಿದ್ರೋ ಹಾಗೇ ಇವಳನ್ನ ಹಿಡ್ಕೊಳ್ಳಿ. ನಾನು ನೋಡ್ಬೇಕು."

ಪಾಪಮ್ಮ ಹಸಿರು ಬಟ್ಟೆ ಹರವಿದಳು. ಒಂದು ಅಂಗೈಯನ್ನು ತಲೆಯ ಕೆಳಗಿಟ್ಟಳು. ಇನ್ನೊಂದು ಕೈಯನ್ನು ಎತ್ತಿ ಕಿಟಕಿಯ ಬಿಸಿಲಿಗೆ ಅಡ್ಡ ಹಿಡಿದಳು. ಚೇತನಾ ಆ ಎರಡು ಕೈಗಳನ್ನೇ ನೋಡುತ್ತಾ ಸದ್ದಿಲ್ಲದೆ ಅತ್ತಳು.

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು, ಒಬ್ಬ ಬೈದೂ ಬೈದ. ಚೇತನಾ ನೋಡಿ ಮುಗಿಸುವವರೆಗೆ ಚಿಕ್ಕಹನುಮಯ್ಯ ಕಾರನ್ನು ಮುಂದಕ್ಕೆ ಬಿಡಲಿಲ್ಲ.