ಹಗಲಲ್ಲಿ ತೂಕಡಿಸುವ ಗೋಸುಂಬೆಗೆ ಬಾಕುಲಿಯ ಕಾವಲು

ಮಂಜು ಇನ್ನೂ ಹುಲ್ಲು ಬಿಟ್ಟು ಎದ್ದಿಲ್ಲ. ಮಡಗಾಸ್ಕರಿನ ಅಂದಸಿಬೆ ಕಾಡಿನಂಚಿನ ಗದ್ದೆಬದುವಿನಲ್ಲಿ ಬಾಕುಲಿ ಹೆಗಲ ಹೊದಿಕೆಯನ್ನು ಸೊಂಟಕ್ಕೆ ಬಿಗಿದು, ಕೋಲಿಗೆ ಹೊಲಿದ ಸೊಳ್ಳೆಪರದೆಯ ಚೀಲವನ್ನು ಹುಲ್ಲಿನ ಮೇಲೆ ಬೀಸುತ್ತಾ ನಡೆಯುತ್ತಿದ್ದಾರೆ. ಚಳಿಗೆ ಮಿಡತೆಗಳು ಮರಗಟ್ಟಿರುವ ಈ ಹೊತ್ತೇ ಬೇಟೆಗೆ ಸರಿ. ಬಿಸಿಲು ಬಿದ್ದಮೇಲೆ ಅವುಗಳ ಹಿಂದೆ ಓಡಲು ಐವತ್ತು ದಾಟಿದ ಮಂಡಿಗಳು ಒಪ್ಪುವುದಿಲ್ಲ. ಹಿಡಿದ ಒಂದೊಂದನ್ನೂ ಮೂಗಿನ ಹತ್ತಿರ ತಂದು ಮೂಸುತ್ತಾರೆ. ಔಷಧಿಯ ವಾಸನೆ ಬಂತೋ, ಅದು ಬುಟ್ಟಿಗಿಲ್ಲ. “ಯಾರನ್ನ ನಂಬೋದು ಹೇಳಿ? ಕೋಸು ಬೆಳೆಯೋರು ಯಾವಾಗ ಏನು ಸಿಂಪಡಿಸಿ ಹೋಗ್ತಾರೋ! ಕೇಳಿದ್ರೆ ನಗ್ತಾರೆ. ನಗೋರನ್ನ ಕಂಡ್ರೆ ನಂಗೆ ಇನ್ನೂ ಅನುಮಾನ,” ಎನ್ನುತ್ತಾರೆ.

ಊರಾಚೆಯ ಗೋಸುಂಬೆ ಸಾಕಣೆ ಅಂಗಳದಲ್ಲಿ ಬಾಕುಲಿಯವರದು ಮೇವು ಹಾಕುವ ಕೆಲಸ. ಗೂಡುಗಳಿಗೆ ಮಿಡತೆ ಬಿಡಬೇಕು. ಗೋಸುಂಬೆ ಬಟ್ಟಲ ನೀರು ಮುಟ್ಟುವುದಿಲ್ಲವಾದ್ದರಿಂದ ಎಲೆಗಳ ಮೇಲೆ ನೀರು ಚಿಮುಕಿಸಬೇಕು. ಮೊಟ್ಟೆಯೊಡೆದು ಬಂದ ಮರಿಗಳನ್ನು ಬೇರೆ ಇಡಬೇಕು. ಬರುವ ಪ್ರವಾಸಿಗರು ಮಾರ್ಗದರ್ಶಿಯ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. ಬುಟ್ಟಿ ಹಿಡಿದು ಪಕ್ಕಕ್ಕೆ ಸರಿದು ನಿಲ್ಲುವ ಹೆಂಗಸು ಯಾರ ಫೋಟೊದಲ್ಲೂ ಇಲ್ಲ.

ಮರ ಕೊಯ್ಯುವ ಕೆಲಸದಲ್ಲಿ ಗಂಡ ತೀರಿಕೊಂಡಾಗ ಮಗ ಇನ್ನೂ ಚಿಕ್ಕವನು. ಗೋಸುಂಬೆ ಅಪಶಕುನ, ಅದನ್ನು ಮುಟ್ಟುವ ಕೆಲಸವೆಂದರೆ ಊರಲ್ಲಿ ಎಲ್ಲರೂ ಮಾರು ದೂರ. ಬಾಕುಲಿ ಒಪ್ಪಿಕೊಂಡರು. ಅಂದಿನಿಂದ ನಲ್ಲಿಯ ಹತ್ತಿರ ಅವರ ಬಕೆಟಿಗೆ ಬೇರೆಯವರ ಬಕೆಟ್ ತಾಗುವುದಿಲ್ಲ. “‘ಗೋಸುಂಬೆಯವಳು ಬಂದ್ಲು, ದಾರಿ ಬಿಡ್ರೇ’ ಅಂತಿದ್ರು. ಒಳ್ಳೇದೇ ಆಯ್ತು, ಸಾಲು ನಿಲ್ಲೋ ಕಷ್ಟ ತಪ್ತು,” ಎಂದು ನಗುತ್ತಾರೆ. ಆದರೆ ಅಷ್ಟು ವರ್ಷ ಬೆನ್ನ ಹಿಂದೆ ಪಿಸುಮಾತು ಕೇಳಿಸಿಕೊಂಡವರಿಗೆ ಎಲ್ಲರ ಮೇಲೂ ಒಂದು ಕಣ್ಣು ಇದ್ದೇ ಇರುತ್ತದೆ, ಇಲ್ಲದೆ ಏನು!

ಈಗ ಅವರ ಜೀವವೆಲ್ಲ ಕೇಲಿ ಎಂಬ ಗೋಸುಂಬೆ ಮರಿಯ ಮೇಲೆ. ಅಲ್ಲಿನ ಮಾತಿನಲ್ಲಿ ಕೇಲಿ ಎಂದರೆ ಚಿಕ್ಕದು. ಮಳೆಗಾಲದ ಕೊನೆಗೆ ಮೊಟ್ಟೆಯೊಡೆದ ಮರಿಗಳಲ್ಲೆಲ್ಲ ಇದೇ ಸಣಕಲು. “ಇದು ಉಳಿಯೋ ಜೀವ ಅಲ್ಲ, ಬಿಸಾಕು,” ಎಂದರಂತೆ ಅಂಗಳದ ಯಜಮಾನಿ. ಬಾಕುಲಿ ಬಿಸಾಕದೆ, ಮಗ ಸೊಸೆಯೊಡನೆ ತಾವಿರುವ ಮನೆಗೆ ತಂದರು. ಬಿಸಿಲು ಚೆನ್ನಾಗಿ ಬೀಳುವ ಪೂರ್ವದ ಗೋಡೆಗೆ ಬಿದಿರ ಗೂಡು ತೂಗುಹಾಕಿ, ಒಳಗೊಂದು ಕಾಫಿ ಗಿಡದ ಕೊಂಬೆ ಇಟ್ಟು ಸಾಕಿದರು. ಎರಡು ತಿಂಗಳಲ್ಲಿ ಮರಿ ಚಿಗುರಿನ ಬಣ್ಣಕ್ಕೆ ತಿರುಗಿತು. ನಾಲಿಗೆ ಬೀಸಿ ಮಿಡತೆ ಹಿಡಿಯುವುದನ್ನೂ ಕಲಿಯಿತು.

ಚಳಿಗಾಲ ಬಂದದ್ದೇ ತಡ, ಕೇಲಿಗೆ ಹಗಲು ನಿದ್ದೆ ಶುರುವಾಯಿತು. ಸಂಜೆಯ ಮೊದಲು ಬಾಕುಲಿ ಕೆಲಸದಿಂದ ಬಂದಾಗ ಕೊಂಬೆಗೆ ಕವುಚಿಕೊಂಡು, ಬೂದಿಬಣ್ಣಕ್ಕಿಳಿದು, ಕಣ್ಣು ಮುಚ್ಚಿ ಬಿದ್ದಿರುತ್ತದೆ. ಬೆಳಿಗ್ಗೆ ಬಿಟ್ಟ ಮಿಡತೆಗಳು ಹಾಗೇ ಇರುತ್ತವೆ. ರಾತ್ರಿ ಮಲಗುವ ಪ್ರಾಣಿ ಬೆಳಕಿನಲ್ಲಿ ಕಣ್ಣು ಮುಚ್ಚಿತೆಂದರೆ ಅದರ ದಿನ ಮುಗಿಯುತ್ತಾ ಬಂತು ಎಂದೇ ಲೆಕ್ಕ. ಅಂಗಳದಲ್ಲಿ ಹಾಗೆ ಸತ್ತವನ್ನು ಬಾಕುಲಿಯೇ ಎಷ್ಟೋ ಸಲ ಹೂತಿದ್ದಾರೆ. ಆದರೆ ಭಾನುವಾರ, ಅವರು ಮನೆಯಲ್ಲಿದ್ದ ದಿನ, ಇದೇ ಮರಿ ಕಣ್ಣು ಬಿಟ್ಟು ತಿಂದಿತು! ಬಾಕುಲಿಯ ತಲೆಗೆ ಹುಳ ಹೊಕ್ಕಿತು. ನಾನಿಲ್ಲದಾಗ ಯಾರೋ ಏನೋ ಮಾಡುತ್ತಿದ್ದಾರೆ.

ಮೊದಲು ಕೋಸಿನವರ ಮೇಲೆ ಅನುಮಾನ. ಮಿಡತೆ ಹಿಡಿಯುವ ಜಾಗ ಬದಲಾಯಿಸಿದರು. ಆಮೇಲೆ ನೀರಿನ ಮೇಲೆ. ನಲ್ಲಿಯದನ್ನು ಬಿಟ್ಟು ಝರಿಯಿಂದ ತಂದರು. ಕೊನೆಗೆ ಗೂಡಿನ ಬಿದಿರಿನ ಮೇಲೆ ಕಪ್ಪು ಬೆರಳಚ್ಚು ಕಂಡಿತು. ಇದ್ದಿಲಿನ ಮಸಿ! ಬೇಲಿಯಾಚೆ ಇರುವವನು ಇದ್ದಿಲು ಮಾರುವ ದೆಜಿರೆ. ಗೂಡು ಕಂಡಾಗಲೆಲ್ಲ ಥೂ ಎಂದು ಉಗಿದು ಮುಖ ತಿರುಗಿಸುವವನು. ಇನ್ನೇನು ಬೇಕು?

ನಲ್ಲಿಯ ಹತ್ತಿರ, ಎಲ್ಲರೆದುರು, ಬಾಕುಲಿ ಅವನ ದಾರಿಗೆ ಅಡ್ಡ ನಿಂತರು. “ಏನು ತಿನ್ನಿಸ್ತಿದ್ದೀಯೋ ನನ್ನ ಮರಿಗೆ?”

“ನಾನಾ? ಆ ದರಿದ್ರದ ಹತ್ರ ಬರೋಕೇ ನನ್ನ ಮೈ ಜುಮ್ ಅನ್ನುತ್ತೆ, ಅದಕ್ಕೆ ಅನ್ನ ಕಲಸಿ ತಿನ್ನಿಸ್ಲಾ ಬಾಕುಲಕ್ಕ?”

“ಗೂಡಿನ ಮೇಲೆ ಮಸಿ ಹೇಗೆ ಬಂತು ಹಾಗಾದ್ರೆ?”

“ನಿನ್ನ ಒಲೇಲೂ ನನ್ನ ಇದ್ದಿಲೇ ತಾನೇ ಉರಿಯೋದು? ಮೊದಲು ನಿನ್ನ ಕೈ ನೋಡ್ಕೋ!”

ಸೇರಿದವರೆಲ್ಲ ಕೊಳ್ಳೆಂದು ನಕ್ಕರು. ಬಾಕುಲಿಗೆ ಅವಮಾನದಿಂದ ಕಣ್ಣು ತುಂಬಿತು, ಆದರೆ ಅನುಮಾನ ಹೋಗಲಿಲ್ಲ. ಕೇಲಿಯ ಪಕ್ಕೆಲುಬು ಎದ್ದು ಕಾಣತೊಡಗಿತ್ತು. ಒಂದು ದಿನ ಎಂದಿನಂತೆ ಹೊರಟವರು ಅರ್ಧ ದಾರಿಯಿಂದ ಹಿಂತಿರುಗಿ, ಹಿತ್ತಿಲ ಬಾಳೆಗಿಡಗಳ ಮರೆಯಲ್ಲಿ ಮೈಯೆಲ್ಲ ಕಣ್ಣಾಗಿ ಕುಳಿತರು. ಇವತ್ತು ದೆಜಿರೆಯನ್ನು ಹಿಡಿದೇ ಹಿಡಿಯುತ್ತೇನೆ.

ದೆಜಿರೆ ಬೇಲಿಯಾಚೆ ಮೂಟೆ ಹೊಲಿಯುತ್ತಾ ಕುಳಿತಿದ್ದ, ಏಳಲೇ ಇಲ್ಲ. ಬಿಸಿಲು ಗೋಡೆಗೆ ಬಿತ್ತು. ಆಗ ಬಾಕುಲಿಯ ಮನೆಯ ಬಾಗಿಲೇ ತೆರೆಯಿತು. ಏಳು ತಿಂಗಳ ಬಸುರಿ ಸೊಸೆ ಲಾಂತು ಹೊರಗೆ ಬಂದಳು. ಮುಖ ಆಚೆ ತಿರುಗಿಸಿ, ಒಂದು ಕೈಯನ್ನು ಹೊಟ್ಟೆಗೆ ಅಡ್ಡ ಹಿಡಿದು, ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತಾ ಗೂಡಿನ ಬಳಿಗೆ ಹೋದಳು. ತಡಕಾಡಿ, ತನ್ನ ದಪ್ಪ ಹೊದಿಕೆಯನ್ನು ಗೂಡಿನ ಮೇಲೆ ಎಸೆದು, ಎದ್ದೆನೋ ಬಿದ್ದೆನೋ ಎಂದು ಒಳಗೆ ಓಡಿದಳು.

ವಿಷವೂ ಇಲ್ಲ, ಮಾಟವೂ ಇಲ್ಲ. ಬಿಸಿಲು ಕಾಯಿಸಿಕೊಳ್ಳದೆ ಮೈ ಬೆಚ್ಚಗಾಗದ ಪ್ರಾಣಿಗೆ ಇಡೀ ಹಗಲು ಕತ್ತಲೆ, ಚಳಿ. ನಿದ್ದೆ ಮಾಡದೆ ಇನ್ನೇನು ಮಾಡೀತು ಪಾಪ! ಅತ್ತೆ ಬರುವ ಹೊತ್ತಿಗೆ ಹೊದಿಕೆ ಮತ್ತೆ ಒಳಗೆ ಸೇರುತ್ತಿತ್ತು. ಬಿದಿರಿನ ಮೇಲಿನ ಮಸಿಯೂ ಒಲೆ ಹೊತ್ತಿಸುವ ಸೊಸೆಯ ಬೆರಳಿನದೇ.

ಬಾಕುಲಿ ಬಿರುಗಾಳಿಯಂತೆ ಒಳಗೆ ನುಗ್ಗಿದರು. “ನನ್ನ ಮನೇಲಿದ್ದು ನನಗೇ ಹೀಗೆ ಮಾಡೋದಾ?”

ಲಾಂತು ಗೋಡೆಗೆ ಒರಗಿದಳು. “ಸಾಯ್ಲಿ ಅಂತ ಮಾಡ್ಲಿಲ್ಲ ಅತ್ತೆ, ಆಣೆ. ನಮ್ಮ ತವರಿನಲ್ಲಿ ಅದು ಫಾದಿ. ಬಸುರಿ ಹೊಟ್ಟೆ ಮೇಲೆ ಅದರ ಕಣ್ಣು ಬೀಳಬಾರ್ದು. ಒಂದು ಕಣ್ಣು ಆ ಕಡೆ ಇದ್ರೂ ಇನ್ನೊಂದು ನನ್ನೇ ನೋಡ್ತಿರುತ್ತೆ. ನಲ್ಲಿಗೆ ಹೋಗ್ಬೇಕಂದ್ರೂ ಆ ಗೋಡೆ ದಾಟ್ಲೇಬೇಕು. ನಾನೇನು ಮಾಡ್ಲಿ?”

“ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?”

“ನೀವು ಊರಲ್ಲಿ ಎಲ್ಲರನ್ನೂ ಕೇಳಿದ್ರಿ. ನನ್ನ ಒಬ್ಬಳನ್ನೇ ಕೇಳ್ಲಿಲ್ಲ. ದೆಜಿರೆ ಮಾವನ ಮೇಲೆ ಹಾಗೆ ಕೂಗಾಡಿದ್ದು ನೋಡಿದ್ಮೇಲೆ ಹೇಳೋಕೆ ಧೈರ್ಯ ಎಲ್ಲಿಂದ ಬರುತ್ತೆ?”

ಬಾಕುಲಿ ನಾಲಿಗೆ ಕಚ್ಚಿಕೊಂಡರು. ಮನೆತನಕ್ಕೊಂದು ಫಾದಿ, ಆಗಿಬರದ್ದು, ಇದ್ದೇ ಇರುತ್ತದೆ. ಸೊಸೆ ಹೊಸ್ತಿಲು ದಾಟಿದ ದಿನ ಅತ್ತೆ ಅದನ್ನು ಕೇಳಿ ತಿಳಿಯಬೇಕು. ಕೇಳಿದ್ದರು ಕೂಡ: ಹಂದಿ ಮಾಂಸ ಬೇಡ, ಗುರುವಾರ ಗದ್ದೆಗೆ ಇಳಿಯಬಾರದು. ಅಂದು ಮನೆಯಲ್ಲಿ ಗೋಸುಂಬೆ ಇರಲಿಲ್ಲ, ಆ ಮಾತೂ ಬರಲಿಲ್ಲ. ಆದರೆ ಇದನ್ನು ತಂದ ದಿನ ಮನೆಯವರನ್ನು ಇನ್ನೊಮ್ಮೆ ಕೇಳಬೇಕಿತ್ತಲ್ಲ? “ಅಂಗಳದಲ್ಲಿ ಇದ್ದೂ ಇದ್ದೂ ನಂಗೆ ಅವು ಕೋಳಿಮರಿ ಇದ್ದಂಗೆ ಆಗ್ಬಿಟ್ಟಿವೆ. ಬೇರೆಯವರಿಗೆ ಹಾಗಲ್ಲ ಅನ್ನೋದೇ ಮರೆತುಹೋಯ್ತು,” ಎನ್ನುತ್ತಾರೆ. ತಪ್ಪು ಯಾರದೆಂದು ಅವರೇ ತೀರ್ಮಾನಿಸಿಕೊಂಡಿದ್ದಾರೆ.

ಮರಿಯನ್ನು ಅಂಗಳಕ್ಕೆ ಒಯ್ಯುವಂತಿಲ್ಲ. ಸೊರಗಿದ್ದನ್ನು ಯಜಮಾನಿ ಒಳಗೆ ಬಿಡುವುದಿಲ್ಲ. ಸುತ್ತ ಬಿಸಿಲು ಬೀಳುವ ಇನ್ನೊಂದೇ ಗೋಡೆ ಇರುವುದು ದೆಜಿರೆಯ ಮನೆಯದು. ಬಾಕುಲಿ ಗೂಡು ಎತ್ತಿಕೊಂಡು, ಮುಖ ಸಣ್ಣದು ಮಾಡಿಕೊಂಡು, ಅಲ್ಲಿಗೇ ಹೋದರು.

“ನನ್ನ ಮನೆಗಾ? ನಾಳೆ ಅದು ಆಕಳಿಸಿದ್ರೂ ನನ್ನ ಕೊರಳಪಟ್ಟಿ ಹಿಡೀತೀಯ!” ಎಂದ ದೆಜಿರೆ. ಆಮೇಲೆ ಬೇಲಿಯಾಚೆ ಕಣ್ಣೊರೆಸಿಕೊಳ್ಳುತ್ತಿದ್ದ ಲಾಂತುವನ್ನು ನೋಡಿ ಗೋಡೆಯ ಕಡೆ ಕೈ ತೋರಿಸಿದ. “ಇಡು. ಆದ್ರೆ ಬೈದ ಜಾಗದಲ್ಲೇ, ಬೈದಷ್ಟೇ ಜೋರಾಗಿ, ತಪ್ಪಾಯ್ತು ಅನ್ನಬೇಕು.”

ಬಾಕುಲಿ ಅಂದರು. ನಲ್ಲಿಯ ಹೆಂಗಸರು ಬಕೆಟ್ ತುಂಬಿ ಹರಿಯುತ್ತಿದ್ದರೂ ನೋಡದೆ ನಿಂತು ಕೇಳಿದರು.

ಈಗ ಪ್ರತಿ ಸಂಜೆ ದೆಜಿರೆ ಅವರನ್ನು ಬಾಗಿಲಲ್ಲೇ ತಡೆಯುತ್ತಾನೆ. “ನೋಡ್ಕೊಂಡು ಹೋಗು ಬಾಕುಲಕ್ಕ. ಕಣ್ಣು ಬಿಟ್ಟಿದೆ, ಮಿಡತೆ ಖಾಲಿ. ನಾಳೆ ಬಂದು ಇನ್ನೊಂದು ರಾಗ ತೆಗೀಬೇಡ.” ಬಾಕುಲಿ ಬಗ್ಗಿ ನೋಡುತ್ತಾರೆ. ಕೇಲಿ ಮತ್ತೆ ಹಸಿರಾಗಿದೆ. ಹಾಗಿದ್ದರೂ ಗೂಡಿನ ತಳವನ್ನು ಒಮ್ಮೆ ಮೂಸದೆ ಹೊರಡುವುದಿಲ್ಲ. ಹುಟ್ಟುಗುಣ ಎಲ್ಲಿ ಹೋದೀತು!

ಮನೆಯಲ್ಲಿ ಲಾಂತು ಪಾತ್ರೆಯ ತಳ ಹಿಡಿದ ಅನ್ನದ ಸೀಕಲಿಗೆ ನೀರು ಹಾಕಿ ಕುದಿಸಿ ಬಟ್ಟಲಿಗೆ ಬಗ್ಗಿಸುತ್ತಿದ್ದಾಳೆ. ಹೆರಿಗೆಗೆ ದಿನ ಹತ್ತಿರವಾಗಿದೆ. ನಿಮಗೇನು ಆಸೆ ಎಂದು ನಾವು ಕೇಳಿದರೆ ಬಾಕುಲಿ ಬಿಸಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿಯುತ್ತಾರೆ. ಆಮೇಲೆ ಸೊಸೆಗೆ ಕೇಳಿಸದಂತೆ ಹೇಳುತ್ತಾರೆ: “ಮರಿ ಸೊರಗಿದ್ದು ಒಂದೇ ದಿನದಲ್ಲಿ ಗೊತ್ತಾಯ್ತು ನಂಗೆ. ಈ ಹುಡುಗಿ ತಿಂಗಳುಗಟ್ಟಲೆ ಹೆದರಿಕೊಂಡೇ ಇದ್ಲು, ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ಹೆದರಿಕೆ ಆದ್ರೆ ನನ್ನ ಹತ್ರ ಬಂದು ಹೇಳ್ಲಿ. ಅಷ್ಟು ಸಾಕು.”